ಗಾಯ ತೊಳೆಯುವ ಔಷಧಿಯನ್ನೂ ಪರೀಕ್ಷಿಸಿ



2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂದಾಗ ಸರ್ಕಾರ ಎಚ್ಚೆತ್ತಿತು. ಆದರೆ ನಮ್ಮ ವಾರ್ಡುಗಳ ಡ್ರೆಸ್ಸಿಂಗ್ ಟ್ರಾಲಿಯ ಮೇಲಿರುವ ಬಾಟಲಿಗಳ ಮಾತನ್ನು ಈಗಲೂ ಯಾರೂ ಎತ್ತುತ್ತಿಲ್ಲ.

ಕ್ರಿಮಿ ಕೊಲ್ಲುವ ಔಷಧಿಯಲ್ಲಿ ಕ್ರಿಮಿ ಉಳಿಯುತ್ತದೆಯೇ? ಉಳಿಯುತ್ತದೆ, ಬೆಳೆಯಲೂಬಹುದು. ನೀರಿನಲ್ಲಿ ವಾಸಿಸುವ ಸ್ಯೂಡೊಮೊನಾಸ್, ಬರ್ಕ್‌ಹೋಲ್ಡೇರಿಯಾ ಜಾತಿಯ ಬ್ಯಾಕ್ಟೀರಿಯಾಗಳು ನಲ್ಲಿ ನೀರು ಬೆರೆಸಿ ತೆಳುಮಾಡಿದ ಕ್ಲೋರ್‌ಹೆಕ್ಸಿಡಿನ್‌ನಲ್ಲೂ ಬದುಕಿದ್ದುಂಟು. ಅಮೆರಿಕದಲ್ಲಿ 1980ರಲ್ಲಿ ಪೋವಿಡೋನ್ ಅಯೋಡಿನ್ ಕಾರ್ಖಾನೆಯಿಂದಲೇ ಕೆಟ್ಟು ಬಂದಿತ್ತು. ಅದರಿಂದ ಚರ್ಮ ಒರೆಸಿ ರಕ್ತ ತೆಗೆದಾಗ, ಸೋಂಕೇ ಇಲ್ಲದವರ ಕಲ್ಚರ್‌ನಲ್ಲೂ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಸ್ಪಿರಿಟ್ ಕೂಡ ಬ್ಯಾಕ್ಟೀರಿಯಾದ ಬೀಜಕಗಳನ್ನು ಕೊಲ್ಲಲಾರದು. 2011ರಲ್ಲಿ ಅಲ್ಲಿ ಆಲ್ಕೋಹಾಲ್ ಸ್ವಾಬ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆದದ್ದು ಬ್ಯಾಸಿಲಸ್ ಸೀರಿಯಸ್ ಭಯದಿಂದಲೇ.

ನಾನು ಕೆಲಸ ಮಾಡಿದ ವಾರ್ಡುಗಳಲ್ಲಿ ದೊಡ್ಡ ಕ್ಯಾನಿನಿಂದ ಚಿಕ್ಕ ಬಾಟಲಿಗೆ ಔಷಧಿ ಬಗ್ಗಿಸುತ್ತಿದ್ದೆವು. ತಳದಲ್ಲಿ ಉಳಿದದ್ದನ್ನು ಚೆಲ್ಲದೆ ಅದರ ಮೇಲೆಯೇ ಹೊಸದು. ಬಾಟಲಿಯ ಬಾಯಿಗೆ ಕಂದು ಕರೆ ಕಟ್ಟಿರುತ್ತಿತ್ತು, ತೆರೆದ ದಿನಾಂಕ ಎಲ್ಲೂ ಇರುತ್ತಿರಲಿಲ್ಲ. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್‌ಗೆ ನೆನೆಹಾಕಿದ ಹತ್ತಿ, ಅದಕ್ಕೆ ದಿನವಿಡೀ ಹತ್ತಾರು ಕೈ. ಹತ್ತಿಯನ್ನು ಹೀಗೆ ಒದ್ದೆಮಾಡಿ ಇಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಇದು ಸಿಸ್ಟರ್‌ಗಳ ಉಡಾಫೆಯಲ್ಲ. ಇಂಡೆಂಟ್ ಹಾಕಿದಷ್ಟು ಬಾಟಲಿ ಬಾರದಿದ್ದರೆ ಅವರಾದರೂ ಏನು ಮಾಡಿಯಾರು?

ಕ್ಯಾನ್ ಬದಲು ಚಿಕ್ಕ ಬಾಟಲಿಗಳನ್ನೇ ಕೊಂಡರೆ ಖರ್ಚು ಹೆಚ್ಚು ಎನ್ನುತ್ತಾರೆ. ಸಿಸೇರಿಯನ್ ಆದ ಬಾಣಂತಿಯ ಹೊಲಿಗೆ ಕೀವಾದರೆ ಆಸ್ಪತ್ರೆ ವಾಸ, ದುಬಾರಿ ಆ್ಯಂಟಿಬಯಾಟಿಕ್, ಜೊತೆಗಿರುವ ತಾಯಿಯ ಕೂಲಿ ನಷ್ಟ ಇವೆಲ್ಲ ಸೇರಿ ಎಷ್ಟಾಗುತ್ತದೆಂದು ಲೆಕ್ಕ ಹಾಕಲಿ. ಆ ಹೆಣ್ಣುಮಗಳು ಪಡುವ ನೋವನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಉಳಿದದ್ದರ ಮೇಲೆ ಹೊಸದು ಸುರಿಯುವುದನ್ನು ಆರೋಗ್ಯ ಇಲಾಖೆ ಕಡ್ಡಾಯವಾಗಿ ನಿಲ್ಲಿಸಬೇಕು, ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಸಬೇಕು. ಔಷಧಿ ಕ್ರಿಮಿರಹಿತವೋ ಅಲ್ಲವೋ ಎಂಬುದು ಲೇಬಲ್‌ನಲ್ಲೇ ಇರಲಿ; ಅಮೆರಿಕದ ಔಷಧ ಇಲಾಖೆ 2013ರಲ್ಲಿ ತಯಾರಕರನ್ನು ಕೇಳಿದ್ದು ಇದನ್ನೇ. ಒಂದೇ ವಾರ್ಡಿನ ಇಬ್ಬರು ಮೂವರಲ್ಲಿ ಒಂದೇ ಬ್ಯಾಕ್ಟೀರಿಯಾ ಕಂಡರೆ, ರೋಗಿಗಳ ಕೀವಿನ ಜೊತೆಗೆ ಟ್ರಾಲಿಯ ಮೇಲಿನ ಬಾಟಲಿಯೂ ಅದೇ ದಿನ ಲ್ಯಾಬ್‌ಗೆ ಹೋಗಬೇಕು.

– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ