ಡಾಕ್ಟರ್ ಸಂಘಕ್ಕೆ ಕುರ್ಚಿ, ನಮ್ಮ ಕೇರಿಗೆ ರೆಫರಲ್ ಚೀಟಿ



ಡಾಕ್ಟರ್‌ಗಳ ಸಂಘದ ವಿರುದ್ಧ ಒಂದು ಪೋಸ್ಟ್ ಹಾಕಿ ಅಂತ ಗೆಳೆಯರು ಕೇಳ್ತಾನೇ ಇದ್ದಾರೆ. ಬರೀ ಬೈಯೋದಾದ್ರೆ ನಾನು ಬರೆಯಲ್ಲ. ಸರ್ಕಾರದ ಜೊತೆ ಹೇಗೆ ಕೂತು ಮಾತಾಡಬೇಕು ಅನ್ನೋದನ್ನ ಅವರಿಂದ ಕಲೀಬೇಕು ನಾವು.

2017ರ ನವೆಂಬರ್ ನೆನಪಿದೆಯಾ? ಖಾಸಗಿ ಆಸ್ಪತ್ರೆಗಳ ದರಕ್ಕೆ ಮೂಗುದಾರ ಹಾಕೋ ಕೆಪಿಎಂಇ ತಿದ್ದುಪಡಿ ಮಸೂದೆ. ಆರೋಗ್ಯ ಮಂತ್ರಿ ರಮೇಶ್ ಕುಮಾರ್, ಮುಖ್ಯಮಂತ್ರಿ ನಮ್ಮ ವರುಣದ ಸಿದ್ದರಾಮಯ್ಯನವರು. ಡಾಕ್ಟರ್‌ಗಳು ಬೆಳಗಾವಿಗೆ ನುಗ್ಗಿದರು, ರಾಜ್ಯದುದ್ದಕ್ಕೂ ಒಪಿಡಿ ಮುಚ್ಚಿದರು. ವಾರದೊಳಗೆ ಮುಖ್ಯಮಂತ್ರಿ ಕರೆದು ಕೂರಿಸಿ ಮಾತಾಡಿದರು. ಮಸೂದೆ ಪಾಸಾದಾಗ ದರ ನಿಗದಿ ಸರ್ಕಾರಿ ಯೋಜನೆಗಳಿಗಷ್ಟೇ ಉಳಿದಿತ್ತು. ಕೈಯಿಂದ ದುಡ್ಡು ಕಟ್ಟೋ ರೋಗಿಗೆ ಆಸ್ಪತ್ರೆ ಹೇಳಿದ್ದೇ ರೇಟು.

ಅವರ ಸಿಟ್ಟೆಲ್ಲ ಸುಳ್ಳು ಅಂತ ನಾನು ಹೇಳಲ್ಲ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಕೆಲಸದ ಒತ್ತಡದ ನಡುವೆ, ನಮ್ಮ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಜೀವ ಕಳ್ಕೊಂಡರು. ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗೆ ಬಂದರು. ಬರಲೇಬೇಕಿತ್ತು.

ಈಗ ಇನ್ನೊಂದು ಕಡೆ ನೋಡಿ. 2025ರ ಜನವರಿ ಚಳಿಯಲ್ಲಿ ಆಶಾ ಅಕ್ಕಂದಿರು ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ 10,000 ಅನ್ನೋ ಭರವಸೆ ಸಿಕ್ತು. ಅದೇ ಭರವಸೆ ಕೇಳೋಕೆ ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬಂದರು. ಡಾಕ್ಟರ್ ಮುಷ್ಕರಕ್ಕೆ ಕಾನೂನೇ ಬದಲಾಗುತ್ತೆ, ಆಶಾ ಮುಷ್ಕರಕ್ಕೆ ಭರವಸೆ. ಯಾಕೆ ಸ್ವಾಮಿ? ಬಿಳಿ ಕೋಟಿನ ಮಾತಿಗಿರೋ ತೂಕ ಗುಲಾಬಿ ಸೀರೆಗೆ ಇಲ್ಲ ಅಂತಾನಾ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ನಮ್ಮ ಕೇರಿಲಿ ಮನೆಮನೆಗೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆದ್ರೆ ತುರ್ತು ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗಲ್ಲ ಅಂತ ರೆಫರಲ್ ಬರೆದುಕೊಟ್ಟ ಮೇಲೇ ಖಾಸಗಿ. ಸರ್ಕಾರಿ ಆಸ್ಪತ್ರೆ ಬಲ ಆಗ್ಲಿ ಅನ್ನೋದಕ್ಕೆ ಈ ನಿಯಮ ಒಳ್ಳೇದೇ, ಅದರ ವಿರುದ್ಧ ನಾನಿಲ್ಲ. ಆದ್ರೆ ಹುಲ್ಲಹಳ್ಳಿ ಕಡೆಯ, ತಲಕಾಡು ಕಡೆಯ ಕೂಲಿ ಮಾಡೋ ತಾಯಿ ಚೀಟಿಗೊಂದು ದಿನ, ಮೈಸೂರಿಗೊಂದು ದಿನ ಅಂತ ಕೂಲಿ ಕಳ್ಕೊಂಡು ಅಲೀತಾಳೆ. ಅಲ್ಲಿ ಹೋದ್ಮೇಲೆ "ಇದು ಪ್ಯಾಕೇಜಲ್ಲಿ ಬರಲ್ಲ, ಹೊರಗಿಂದ ತನ್ನಿ". ಪ್ಯಾಕೇಜ್ ದರ ಸಾಲದು, ಬಾಕಿ ಬಂದಿಲ್ಲ ಅಂತ ಆಸ್ಪತ್ರೆಗಳ ಸಂಘ ಸರ್ಕಾರಕ್ಕೆ ಹೇಳುತ್ತೆ. ಆ ತಾಯಿ ಕಟ್ಟಿದ ದುಡ್ಡಿನ ಮಾತು ಆ ಸಭೇಲಿ ಯಾರು ಎತ್ತುತ್ತಾರೆ?

ಕೆಪಿಎಂಇ ಕಾಯ್ದೆಯಲ್ಲೇ ಜಿಲ್ಲಾ ದೂರು ಪ್ರಾಧಿಕಾರ ಇದೆ, ಡಿಸಿ ಅಧ್ಯಕ್ಷರು. ಬಾಕಿ ಇದೆ ಅಂತ ಹೆಣ ಹಿಡಿದಿಟ್ಕೊಳ್ಳೋ ಹಾಗಿಲ್ಲ. ರೇಟು ಬೋರ್ಡಲ್ಲಿ ಹಾಕಲೇಬೇಕು. ನಂಜನಗೂಡು, ಟಿ.ನರಸೀಪುರದ ನಮ್ಮ ಕೇರಿಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅಂಬೇಡ್ಕರ್ ಜಯಂತಿಗೆ ಡಿಜೆ ತರೋ ಹುಡುಗರೇ, ನಿಮ್ಮನ್ನೇ ಕೇಳ್ತಿರೋದು.

ಎರಡೂ ತಾಲ್ಲೂಕಿನವರು ಕೇಳಿ: ಕಾರ್ಡ್ ಇದ್ದೂ ದುಡ್ಡು ಕಟ್ಟಿದ ಬಿಲ್, ಹೊರಗೆ ಬರೆದುಕೊಟ್ಟ ಔಷಧಿ ಚೀಟಿ, ರೆಫರಲ್ ಕೊಡದೆ ವಾಪಸ್ ಕಳಿಸಿದ ತಾರೀಖು, ಎಲ್ಲದರ ಫೋಟೊ ಇನ್‌ಬಾಕ್ಸ್‌ಗೆ ಹಾಕಿ. ಹೆಸರು ಹೊರಗೆ ಬರಲ್ಲ. ಒಂದೇ ಅರ್ಜಿ ಮಾಡಿ ಡಿಸಿ ಕಚೇರಿಗೆ ಕೊಡೋಣ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರೋಣ.