ಮೂಲೆಯ ಹಳೇ ಪಿಸಿಯಿಂದ ಗೋಡೆಯ ಡಬ್ಬಿಯವರೆಗೆ

ಮನೆಗೆ ಬರುವುದು ಒಂದೇ ಇಂಟರ್‌ನೆಟ್ ವಿಳಾಸ, ಮನೆಯಲ್ಲಿರುವುದು ನಾಲ್ಕಾರು ಯಂತ್ರ. ತೊಂಬತ್ತರ ದಶಕದ ಹವ್ಯಾಸಿಗಳು ಈ ಲೆಕ್ಕ ಸರಿದೂಗಿಸಿದ್ದು ಮೂಲೆಗೆ ಬಿದ್ದ 486 ಪಿಸಿ, ಎರಡು ನೆಟ್‌ವರ್ಕ್ ಕಾರ್ಡ್ ಮತ್ತು ಲಿನಕ್ಸ್‌ನಿಂದ. ಲಿನಕ್ಸ್ ರೂಟರ್ ಪ್ರಾಜೆಕ್ಟ್ ಇಡೀ ವ್ಯವಸ್ಥೆಯನ್ನು ಒಂದೇ ಫ್ಲಾಪಿಗೆ ತುರುಕಿತ್ತು. ಹಾರ್ಡ್‌ಡಿಸ್ಕ್ ಕೂಡ ಬೇಕಿರಲಿಲ್ಲ.

ಮೂಲ ಕೆಲಸ ಇಂದಿಗೂ ಅದೇ. ಒಂದು ಕಾರ್ಡ್ ಮೋಡೆಮ್ ಕಡೆಗೆ, ಇನ್ನೊಂದು ಮನೆಯ ಸ್ವಿಚ್ ಕಡೆಗೆ. ಐಪಿ ಫಾರ್ವರ್ಡಿಂಗ್ ಸೊನ್ನೆಯಿಂದ ಒಂದಕ್ಕೆ ತಿರುಗಬೇಕು, ಒಳಗಿನ 192.168 ವಿಳಾಸಗಳೆಲ್ಲ ಹೊರಗೆ ಒಂದೇ ವಿಳಾಸವಾಗಿ ಕಾಣಬೇಕು. ಒಳಗೆ ವಿಳಾಸ ಹಂಚಲು ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶ ಸಾಕು. ಬದಲಾದದ್ದು ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮ ಬರೆಯುವ ರೀತಿ: 1999ರಲ್ಲಿ ಐಪಿಚೈನ್ಸ್, 2001ರಲ್ಲಿ ಐಪಿಟೇಬಲ್ಸ್, 2014ರಲ್ಲಿ ಎನ್‌ಎಫ್‌ಟೇಬಲ್ಸ್. ಒಂದು ಬಾಯಿಪಾಠವಾಗುವಷ್ಟರಲ್ಲಿ ಮತ್ತೊಂದು! ಆದರೂ ಐಪಿಟೇಬಲ್ಸ್ ತಂದದ್ದು ಸಣ್ಣದಲ್ಲ. ಒಳಗಿನಿಂದ ಕೇಳಿದ್ದಕ್ಕೆ ಬಂದ ಉತ್ತರವನ್ನು ಮಾತ್ರ ಬಿಡು, ಉಳಿದದ್ದನ್ನು ತಡೆ ಎಂದು ಒಂದೆರಡು ಸಾಲಿನಲ್ಲಿ ಹೇಳಲು ಆಗಿದ್ದು ಅದರಿಂದ.

ದಿಕ್ಕು ಬದಲಾದದ್ದು 2003ರಲ್ಲಿ. ಲಿಂಕ್ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಪುಟ್ಟ ರೂಟರಿನೊಳಗೆ ಲಿನಕ್ಸ್ ಇರುವುದನ್ನು ಕುತೂಹಲಿಗಳು ಪತ್ತೆ ಹಚ್ಚಿದರು. ಜಿಪಿಎಲ್ ಪರವಾನಗಿಯ ಷರತ್ತಿನಂತೆ ಕಂಪನಿ ಸೋರ್ಸ್ ಕೋಡ್ ಬಿಟ್ಟುಕೊಡಬೇಕಾಯಿತು. ಮರುವರ್ಷವೇ ಆ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹುಟ್ಟಿತು. 2005ರ ಐದನೇ ಆವೃತ್ತಿಯಲ್ಲಿ ಕಂಪನಿ ಲಿನಕ್ಸ್ ಕೈಬಿಟ್ಟು ಮೆಮೊರಿಯನ್ನು ಅರ್ಧಕ್ಕಿಳಿಸಿತು. ಜೊತೆಗೇ, ಲಿನಕ್ಸ್ ಬೇಕೆನ್ನುವವರಿಗೆಂದು ಜಿಎಲ್ ಎಂಬ ಬೇರೆ ಮಾದರಿಯನ್ನೂ ಮಾರಿತು. ವ್ಯಾಪಾರಿಗೆ ಎರಡೂ ಕಡೆ ಲಾಭ.

ಅದೇ 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ನಮ್ಮಲ್ಲಿ ಶುರುವಾಯಿತು. ಹಾಗಾಗಿ ಇಲ್ಲಿನ ಹೆಚ್ಚಿನ ಮನೆಗಳು ಪಿಸಿ ರೂಟರಿನ ಘಟ್ಟವನ್ನು ಹಾಯದೆ ನೇರ ಡಬ್ಬಿಗೇ ಬಂದವು. ಕಳೆದುಕೊಂಡದ್ದು ಬಹಳವೇನಲ್ಲ. 60 ವಾಟ್ ಎಳೆಯುವ ಪಿಸಿ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. 10 ವಾಟಿನ ಡಬ್ಬಿಗೆ ಏಳು ಸಾಕು.

ಲಿನಕ್ಸ್ ರೂಟರುಗಳಿಂದ ಎಲ್ಲರಿಗೂ ಸಿಕ್ಕ ದೊಡ್ಡ ಲಾಭ ಬೇರೆಯೇ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಮನೆಯಲ್ಲಿ ಒಬ್ಬರು ಫೋಟೊ ಅಪ್‌ಲೋಡ್ ಮಾಡುತ್ತಿದ್ದರೆ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸುವುದೇಕೆ? ವೇಗ ಸಾಲದೆ ಅಲ್ಲ. ಮೋಡೆಮ್‌ನಲ್ಲೊ ರೂಟರಿನಲ್ಲೊ ಪ್ಯಾಕೆಟ್‌ಗಳ ಸಾಲು ಅತಿಯಾಗಿ ಬೆಳೆಯುವುದರಿಂದ. ಜಿಮ್ ಗೆಟಿಸ್, ಡೇವ್ ತಾತ್ ಎಂಬ ತಂತ್ರಜ್ಞರು ಈ ರೋಗದ ಬೆನ್ನು ಹತ್ತಿದರು. 2012ರಲ್ಲಿ ಲಿನಕ್ಸ್ 3.5ಕ್ಕೆ ಎಫ್‌ಕ್ಯೂ ಕೋಡೆಲ್ ಸೇರಿತು, 2018ರಲ್ಲಿ ಕೇಕ್. ಪ್ರತಿ ಹರಿವಿಗೂ ಬೇರೆ ಸಾಲು, ಹೆಚ್ಚು ಹೊತ್ತು ಕಾದ ಪ್ಯಾಕೆಟ್‌ಗೆ ಕೊಕ್. ಹೊರಹರಿವಿನ ಮಿತಿಯನ್ನು ಲೈನಿನ ನಿಜವೇಗಕ್ಕಿಂತ ತುಸು ಕೆಳಗಿಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ಹಿಡಿತಕ್ಕೆ ಬರುತ್ತದೆ. ಪ್ಯಾಕೇಜ್ ಮೇಲೆ ಪ್ಯಾಕೇಜ್ ಏರಿಸುವ ಬದಲು ಇದನ್ನೊಮ್ಮೆ ಮಾಡಿ ನೋಡಬಹುದು.

ತಂತ್ರಜ್ಞಾನ ಗೆದ್ದಿದೆ, ಯಜಮಾನಿಕೆ ಮಾತ್ರ ಕೈತಪ್ಪಿದೆ. ಫೈಬರ್ ಕಂಪನಿ ಗೋಡೆಗೆ ಬಿಗಿದು ಹೋಗುವ ಎಷ್ಟೋ ಡಬ್ಬಿಗಳಲ್ಲಿ ಓಡುವುದು ಲಿನಕ್ಸೇ, ಆದರೆ ಅಡ್ಮಿನ್ ಪಾಸ್‌ವರ್ಡ್ ಮನೆಯವರಿಗಿಲ್ಲ. 2024ರ ಕೊನೆಗೆ ಓಪನ್‌ಡಬ್ಲ್ಯುಆರ್‌ಟಿ ತನ್ನದೇ ಹೆಸರಿನ ರೂಟರ್ ಹೊರತಂದಿತು. ತಂತ್ರಾಂಶ ಕೆಟ್ಟರೂ ಎಬ್ಬಿಸಲು ಅದರಲ್ಲಿ ಎರಡನೆಯ ಫ್ಲಾಶ್ ಚಿಪ್ ಇದೆ. ಅಂಥದ್ದನ್ನು ತಂದರೂ ಕಂಪನಿಯ ಡಬ್ಬಿಯನ್ನು ಬ್ರಿಜ್ ಮೋಡ್‌ಗೆ ಹಾಕಿಸಿಕೊಳ್ಳಬೇಕು, ಇಲ್ಲವಾದರೆ ವಿಳಾಸ ಎರಡೆರಡು ಸಲ ಬದಲಾಗುತ್ತದೆ. ಕಂಪನಿಯೇ ಹಲವು ಗ್ರಾಹಕರನ್ನು ಒಂದು ವಿಳಾಸದ ಹಿಂದೆ ಕೂಡಿಹಾಕಿದ್ದರೆ ಅದರಿಂದಲೂ ಪೂರ್ತಿ ಪ್ರಯೋಜನವಿಲ್ಲ. ಹೊರಗಿನಿಂದ ಮನೆಯ ಯಂತ್ರ ತಲುಪಲು ಐಪಿವಿ6 ಕೇಳಿ ಪಡೆಯುವುದು ಸದ್ಯದ ಒಂದು ದಾರಿ.