ಸಣ್ಣ ಕೋಣೆಯ ಸಂಗೀತ

ಬೆಂಗಳೂರಿನ ಒಂದು ಬಡಾವಣೆಯಲ್ಲಿ ಶನಿವಾರ ರಾತ್ರಿ ನಾನು ಕೇಳಿದ ಸಂಗೀತವನ್ನು ಸಂಗೀತವೆಂದು ಕರೆಯಲು ಮೊದಲ ಅರ್ಧ ಗಂಟೆ ನನ್ನ ಕಿವಿ ಒಪ್ಪಲಿಲ್ಲ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಪಂಪನನ್ನು ಓದಿದ, ನಮ್ಮ ಲಕ್ಷ್ಮೇಶ್ವರದವನೇ ಆದ ತರುಣನೊಬ್ಬ ಈಗ ಆ ನಗರದಲ್ಲಿ ಹಗಲು ಕಂಪ್ಯೂಟರಿನ ಮುಂದೆ ದುಡಿದು ರಾತ್ರಿ ಡ್ರಮ್ ಬಾರಿಸುತ್ತಾನೆ. ಬೇರೊಂದು ಕಾರ್ಯದ ಸಲುವಾಗಿ ಅಲ್ಲಿಗೆ ಹೋಗಿದ್ದ ನನ್ನನ್ನು, "ಸರ, ಒಮ್ಮೆ ಬಂದು ಕೇಳ್ರಿ. ಸೇರದಿದ್ರ ನಡುವ ಎದ್ದು ಹೋಗ್ರಿ, ನಾ ಏನೂ ತಿಳ್ಕೊಳ್ಳೂದಿಲ್ಲ" ಎಂದು ಅವನು ಕರೆದ. ಶಿಷ್ಯನ ಕರೆಯನ್ನು ಮೀರಲಾರದೆ ಹೋದೆ.

ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿದ ಮೇಲೆ ನಮ್ಮ ಕಾಲೇಜಿನ ಎರಡು ತರಗತಿಗಳಷ್ಟು ಅಗಲದ ಕೋಣೆ; ಒಂದು ಗೇಣು ಎತ್ತರದ ವೇದಿಕೆ; ಹಿಂದುಗಡೆ ಪಾನೀಯಗಳನ್ನು ಮಾರುವ ಕಟ್ಟೆ. ಅರವತ್ತು ಮಂದಿ ಇದ್ದಿರಬಹುದು, ಬಹುತೇಕ ಎಲ್ಲರೂ ನಿಂತವರೇ. ನಾಲ್ವರು ಹುಡುಗರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಹಾಡು ಹಿಡಿದರೆ ಎರಡು ನಿಮಿಷಗಳಲ್ಲಿ ಮುಗಿಯಿತು, ಉಸಿರೆಳೆಯುವಷ್ಟರಲ್ಲಿ ಮತ್ತೊಂದು. ಆಲಾಪವಿಲ್ಲ, ವಿಸ್ತಾರವಿಲ್ಲ, ನಾದವು ಕಿವಿಗಿಂತ ಮೊದಲು ಎದೆಗೆ ಬಡಿಯುವುದು. ಇಂಗ್ಲಿಷಿನ ಮಾತುಗಳು ನನಗೆ ಅರ್ಥವಾಗಲಿಲ್ಲ. ಆದರೆ ಕೊನೆಗೆ ಅವರು ತಾವೇ ಕಟ್ಟಿದ ಒಂದು ಕನ್ನಡ ಹಾಡನ್ನು ಎತ್ತಿಕೊಂಡರು. ಮನೆಬಾಡಿಗೆಯ ಮುಂಗಡ, ನಸುಕಿನ ಬಸ್ಸು, ತಿಂಗಳ ಕೊನೆಯ ಖಾಲಿ ಕಿಸೆ: ಇವೇ ಅದರ ವಸ್ತು. ಕಾವ್ಯದೃಷ್ಟಿಯಿಂದ ನೋಡಿದರೆ ಅದರಲ್ಲಿ ತಿದ್ದಬೇಕಾದುದು ಬಹಳ. ಅಷ್ಟಾದರೂ ಆ ಅರವತ್ತು ಮಂದಿ ಅದನ್ನು ಕೂಡಿ ಹಾಡಿದಾಗ, ತಮ್ಮ ಬಾಳಿನ ಮಾತು ತಮಗೇ ಕೇಳಿಸಿದ ಬೆಳಕು ಅವರ ಮುಖಗಳ ಮೇಲಿದ್ದುದನ್ನು ಕಂಡೆ. ಗಡಿಯಾರ ಹತ್ತು ತೋರಿಸುತ್ತಲೇ ಬಾಗಿಲಲ್ಲಿದ್ದವರು ಕೈಸನ್ನೆ ಮಾಡಿದರು. ಇನ್ನೊಂದು ಹಾಡು ಉಳಿದಿತ್ತು. ಅದು ಉಳಿದೇ ಹೋಯಿತು.

ಈ ಬಗೆಯ ಹಾಡಿಗೆ ಪಂಕ್ ರಾಕ್ ಎಂದು ಹೆಸರು. 'ಪಂಕ್' ಎಂಬುದು ಇಂಗ್ಲಿಷಿನಲ್ಲಿ ಬೈಗುಳ. ಪುಂಡ, ಅಪ್ರಯೋಜಕ ಎಂದು ಅರ್ಥ. ಬೈಗುಳವನ್ನೇ ಬಿರುದಾಗಿ ಧರಿಸಿದ ಈ ಮಾರ್ಗವು 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಕಾಣಿಸಿಕೊಂಡಿತು. ಆ ವೇಳೆಗೆ ರಾಕ್ ಸಂಗೀತವು ಕ್ರೀಡಾಂಗಣಗಳನ್ನು ತುಂಬುವ ದೊಡ್ಡ ವ್ಯವಹಾರವಾಗಿತ್ತು. ವರ್ಷಗಟ್ಟಲೆ ಸಾಧನೆಯೂ ರಾಶಿ ಹಣವೂ ಇಲ್ಲದವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗಿಟಾರಿನ ಮೂರು ಸ್ವರಗುಚ್ಛಗಳನ್ನು ಬಲ್ಲ ಯಾರೇ ಆಗಲಿ ವೇದಿಕೆಯನ್ನೇರಬಹುದೆಂದು ಈ ಹುಡುಗರು ಸಾರಿದರು. ರಮೋನ್ಸ್ ಎಂಬ ಮೇಳದ 1976ರ ಮೊದಲ ಧ್ವನಿಮುದ್ರಿಕೆಯಲ್ಲಿ 14 ಹಾಡುಗಳಿವೆ. ಅವೆಲ್ಲ ಸೇರಿ ಅರ್ಧ ಗಂಟೆಯನ್ನೂ ಮೀರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಗೀತಕ್ಕೆ ಜನ್ಮವಿತ್ತದ್ದು ಸಣ್ಣ ಕೋಣೆ. ನ್ಯೂಯಾರ್ಕಿನ ಬವರಿ ಬೀದಿಯಲ್ಲಿ ಹಿಲಿ ಕ್ರಿಸ್ಟಲ್ ಎಂಬಾತ 1973ರಲ್ಲಿ ತೆರೆದ ಸಿಬಿಜಿಬಿ ಎಂಬ ಪಾನಗೃಹದಲ್ಲಿ ರಮೋನ್ಸ್ ಮೇಳ 1974ರಲ್ಲಿ ನುಡಿಸತೊಡಗಿತು. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ನೆಲಮಾಳಿಗೆಯಲ್ಲಿರುವ 100 ಕ್ಲಬ್ಬಿನಲ್ಲಿ 1976ರ ಸೆಪ್ಟೆಂಬರಿನಲ್ಲಿ ಎರಡು ರಾತ್ರಿ ಪಂಕ್ ಉತ್ಸವ ನಡೆಯಿತು. ಬಾಡಿಗೆಯ ವ್ಯಾಜ್ಯದಲ್ಲಿ ಸಿಬಿಜಿಬಿ 2006ರಲ್ಲಿ ಮುಚ್ಚಿಹೋಯಿತು. ಲಂಡನ್ನಿನ ಕ್ಲಬ್ಬಿಗಾದರೋ ಅಲ್ಲಿಯ ಸ್ಥಳೀಯ ಆಡಳಿತವು 2020ರಲ್ಲಿ ವ್ಯಾಪಾರ ತೆರಿಗೆಯನ್ನು ಮನ್ನಾ ಮಾಡಿ ಆಸರೆಯಾಯಿತು. ಒಂದು ನಗರವು ತನ್ನ ಸಣ್ಣ ಕೋಣೆಯನ್ನು ಕಳೆದುಕೊಂಡಿತು. ಇನ್ನೊಂದು, ಅದನ್ನು ತನ್ನ ಆಸ್ತಿಯೆಂದು ಬಗೆಯಿತು.

ನಮ್ಮ ರಾಜಧಾನಿಯ ಗತಿಯೇನು? ಬೆಂಗಳೂರಿನಲ್ಲಿ ದೊಡ್ಡ ಮೇಳಗಳಿಗೆ ಕೊರತೆಯಿಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿಹೋದವು. ಆದರೆ ಊರಿನ ಹುಡುಗರು ತಪ್ಪು ಮಾಡುತ್ತ ಕಲಿಯಲು ಬೇಕಾದ ಕೋಣೆಗಳ ಆಯುಷ್ಯ ಅಲ್ಪ. ಇಂದಿರಾನಗರದಲ್ಲಿ 2013ರಲ್ಲಿ ತೆರೆದು ಹೆಸರಾದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು.

ಇಂಥ ಕೋಣೆಗಳ ಮೇಲೆ ಕಾಯದೆಯ ಭಾರವೂ ಇದೆ. ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಅಡಿಯಲ್ಲಿ ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳನ್ನು ಕುರಿತು 2005ರಲ್ಲಿ ಆಜ್ಞೆಯೊಂದು ಹೊರಟಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್ ಈ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿ, ಪೊಲೀಸರ ಪರವಾನಗಿಯಿಲ್ಲದೆ ಇವು ನಡೆಯಕೂಡದೆಂದು ಅದು ವಿಧಿಸಿತು. 2018ರ ಜನವರಿ 25ರಂದು ಸರ್ವೋಚ್ಚ ನ್ಯಾಯಾಲಯವು ಈ ಆಜ್ಞೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿಯನ್ನು ಕೇಳತೊಡಗಿದಾಗ ನಗರದ ಅನೇಕ ಪಬ್ಬುಗಳಲ್ಲಿ ವಾದ್ಯಗಳು ಸುಮ್ಮನಾದವು. ಕಾಗದಪತ್ರಗಳನ್ನು ಹೊಂದಿಸಿಕೊಳ್ಳುವ ಸಾಮರ್ಥ್ಯ ದೊಡ್ಡ ಹೋಟೆಲಿಗಿದ್ದಂತೆ ಬಾಡಿಗೆಯ ಮಾಳಿಗೆಗೆ ಎಲ್ಲಿಂದ ಬರಬೇಕು?

ಕಾಯದೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತಿದೆ. ಲೈವ್ ಬ್ಯಾಂಡ್ ಎಂಬ ಹೆಸರಿನ ಮರೆಯಲ್ಲಿ ಹೆಣ್ಣುಮಕ್ಕಳ ಶೋಷಣೆ ನಡೆಯುತ್ತದೆಂಬ ಆತಂಕದಲ್ಲಿ ಸುಳ್ಳಿರಲಿಲ್ಲ. ಇಕ್ಕಟ್ಟಾದ ಮಾಳಿಗೆಯಲ್ಲಿ ಬೆಂಕಿ ಬಿದ್ದರೆ ಓಡುವ ದಾರಿ ಇರಲೇಬೇಕು. ಪಕ್ಕದ ಮನೆಯ ಮುದುಕರಿಗೂ ಎಳೆಗೂಸಿಗೂ ನಿದ್ದೆಯ ಹಕ್ಕಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಧ್ವನಿವರ್ಧಕವನ್ನು ನಿಷೇಧಿಸಿ, ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ಗೊತ್ತುಮಾಡಿವೆ. ಆದರೆ ಅವೇ ನಿಯಮಗಳು ಮುಚ್ಚಿದ ಸಭಾಭವನಗಳಿಗೆ ವಿನಾಯಿತಿಯನ್ನೂ ಕೊಟ್ಟಿವೆ. ಒಳಗಿನ ಸದ್ದು ಹೊರಗೆ ಎಷ್ಟು ಕೇಳಿಸುತ್ತದೆಂಬುದನ್ನು ಅಳೆಯುವುದು ಒಂದು ವಿವೇಕ. ಹಾಡುವವನನ್ನೇ ಸಂಶಯಾಸ್ಪದ ವ್ಯಕ್ತಿಯಂತೆ ಕಾಣುವುದಕ್ಕೆ ಆ ಹೆಸರು ಸಲ್ಲದು. ಕೇಳಲು ಬಂದವರ ಕೋಣೆಗೂ ಕುಡಿಯಲು ಬಂದವರ ಕೋಣೆಗೂ ಅಂತರವನ್ನು ಕಾಣದಿರುವುದೇ 2005ರ ಆಜ್ಞೆಯ ದೊಡ್ಡ ದೋಷವೆಂದು ನನ್ನ ಮತ.

ಈ ಅಂತರವನ್ನು ಅರಿಯಲು ಲಂಡನ್ನಿಗೆ ಹೋಗಬೇಕಾದುದಿಲ್ಲ. ನಮ್ಮ ಸಮೀಪದ ಕುಂದಗೋಳಕ್ಕೆ ಹೋದರೆ ಸಾಕು. ಸವಾಯಿ ಗಂಧರ್ವರ ಆ ಊರಿನಲ್ಲಿ, ಗುರುವಿನ ಮನೆಗೆ ನೀರು ಹೊತ್ತು ಭೀಮಸೇನ ಜೋಶಿಯವರು ಕಲಿತರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಗಂಗೂಬಾಯಿ ಹಾನಗಲ್ಲರು ಕಲಿತರು. ನಾಡಗೀರರ ವಾಡೆಯಲ್ಲಿ ಇಂದಿಗೂ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೇ ನೀಡಿತು. ಪಂಕ್ ಹುಡುಗರನ್ನು ಈ ಮಹಾನುಭಾವರೊಡನೆ ತೂಗುವ ಅವಿವೇಕ ನನ್ನದಲ್ಲ. ಸ್ಥಳದ ಮಾತನ್ನಷ್ಟೇ ಹೇಳುತ್ತಿದ್ದೇನೆ. ವಾಡೆಯಾಗಲಿ ಆಶ್ರಮವಾಗಲಿ, ಅಲ್ಲಿ ಸಂಗೀತವು ಮನೆಯ ಒಡತಿಯಾಗಿತ್ತು. ಬೆಂಗಳೂರಿನ ಮಾಳಿಗೆಯಲ್ಲಿ ಅದು ಮದ್ಯದ ಬಾಡಿಗೆದಾರ. ಆ ರಾತ್ರಿ ಹುಡುಗರಿಗೆ ಸಂದ ಸಂಭಾವನೆ ಎಷ್ಟೆಂಬುದು ಹಾಡಿನಿಂದ ನಿರ್ಧಾರವಾಗಲಿಲ್ಲ; ಹಿಂದಿನ ಕಟ್ಟೆಯಲ್ಲಿ ಆದ ವ್ಯಾಪಾರದಿಂದ ನಿರ್ಧಾರವಾಯಿತೆಂದು ನನ್ನ ಶಿಷ್ಯನೇ ಹೇಳಿದ. ಹಂಗಿನಲ್ಲಿರುವ ಕಲೆ, ಒಡೆಯನ ಮೇಲೆ ಬಿದ್ದ ಪೆಟ್ಟನ್ನು ತಾನೂ ತಿನ್ನುವುದು ಸಹಜ.

ಆದುದರಿಂದ ಮಾಡತಕ್ಕದ್ದು ಎರಡು. ನೂರಿನ್ನೂರು ಜನ ಕೂಡುವ ಶ್ರವಣಗೃಹಗಳನ್ನು ಕ್ಯಾಬರೆಯ ಪಟ್ಟಿಯಿಂದ ಬೇರ್ಪಡಿಸಿ, ಗೋಡೆಯ ಆಚೆಗಿನ ಸದ್ದು, ಬೆಂಕಿಯ ದಾರಿ ಇವೆರಡನ್ನೇ ನೋಡಿ ಪರವಾನಗಿ ಕೊಡುವುದು ಒಂದು. ಜಿಲ್ಲಾ ರಂಗಮಂದಿರಗಳನ್ನೂ ಕಾಲೇಜಿನ ಸಭಾಗೃಹಗಳನ್ನೂ ತಿಂಗಳಿಗೊಂದು ಸಂಜೆಯಾದರೂ ತರುಣರಿಗೆ ತೆರೆದುಕೊಡುವುದು ಇನ್ನೊಂದು. ಮೊದಲನೆಯದು ಸರಕಾರದ ಕೆಲಸ. ಎರಡನೆಯದು ನಮ್ಮಂಥ ಅಧ್ಯಾಪಕರದು.

ಆ ರಾತ್ರಿ ಮೆಟ್ಟಿಲಿಳಿಯುತ್ತ ನನ್ನ ಶಿಷ್ಯ, "ಹ್ಯಾಂಗನಿಸ್ತ್ರಿ ಸರ?" ಎಂದು ಕೇಳಿದ. ಕನ್ನಡದ ಹಾಡು ಚೆನ್ನಾಗಿತ್ತು, ಮಿಕ್ಕದ್ದು ತಿಳಿಯಲಿಲ್ಲ ಎಂದು ನಿಜವನ್ನೇ ಹೇಳಿದೆ. ಅವನು ನಕ್ಕ. ಸ್ವಲ್ಪ ತಡೆದು, "ಆ ಹಾಡು ನಮ್ಮೂರಾಗ ಹಾಡಬೇಕಂದ್ರ ಎಲ್ಲಿ ಹಾಡೂದ್ರಿ?" ಎಂದ. ಪಂಪನು ಯಾವ ಊರಿನ ತಿರುಳುಗನ್ನಡದಲ್ಲಿ ಕಾವ್ಯವನ್ನು ಬರೆದೆನೆಂದು ಹೇಳಿಕೊಂಡನೋ ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಹುಡುಗನಿಗೆ ತನ್ನ ಕನ್ನಡವನ್ನು ಹಾಡಲು ಊರಿನಲ್ಲಿ ಒಂದು ಕೋಣೆಯನ್ನು ಹೆಸರಿಸಲು ನನ್ನಿಂದಾಗಲಿಲ್ಲ. ನಮ್ಮ ಕಾಲೇಜಿನ ಸಭಾಗೃಹಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಆ ಬೀಗದ ಕೈ ಯಾರ ಬಳಿ ಇರುತ್ತದೆಂಬುದನ್ನು ನಾನು ಬಲ್ಲೆ. ದಸರೆಯ ರಜೆಗೆ ಅವನು ಊರಿಗೆ ಬರುವವನಿದ್ದಾನೆ. ಅಷ್ಟರೊಳಗೆ ಅವನ ಪ್ರಶ್ನೆಗೆ ಉತ್ತರ ಹೊಂದಿಸಬೇಕಾಗಿದೆ.